ಕೆಂಪು ಕಂಡರೆ ಕುಣಿಯುತ್ತಿದ್ದವಳು

ಅವಳು ತೀರಿಕೊಂಡ ಸುದ್ದಿ ಬಂದ ದಿನ ನಾನು ಅತ್ತೆ. ಮಾರನೆಯ ದಿನದಿಂದ ಮತ್ತೆ ಹೊಟ್ಟೆಕಿಚ್ಚು ಶುರುವಾಯಿತು.

ಅದಕ್ಕೆ ಕಾರಣ ಮೊಬೈಲಿನಲ್ಲಿರುವ ನಮ್ಮ ಹಳೆಯ ಆಫೀಸಿನವರ ಗುಂಪು. ಯುಗಾದಿಗೊಮ್ಮೆ ಬೇವು ಬೆಲ್ಲದ ಚಿತ್ರ, ದೀಪಾವಳಿಗೊಮ್ಮೆ ಹಣತೆಯ ಚಿತ್ರ ಬಿಟ್ಟರೆ ಬೇರೇನೂ ಬಾರದ ಆ ಗುಂಪಿನಲ್ಲಿ ಒಬ್ಬೊಬ್ಬರಾಗಿ ಅವಳ ಬಗ್ಗೆ ಬರೆಯತೊಡಗಿದರು. ಒಬ್ಬನಿಗೆ ಅವಳು ಕೆಲಸ ಕಲಿಸಿದಳಂತೆ. ಇನ್ನೊಬ್ಬಳಿಗೆ ಧೈರ್ಯ ತುಂಬಿದಳಂತೆ. ಅವಳ ಗಟ್ಟಿ ದನಿ ತಾಳಲಾರದೆ ಕ್ಯಾಬಿನ್ನಿನ ಬಾಗಿಲು ಹಾಕಿಕೊಳ್ಳುತ್ತಿದ್ದ ನಮ್ಮ ಬಾಸ್ ಕೂಡ, ಅಂಥ ಹುಡುಗಿಯನ್ನು ಮತ್ತೆ ನೋಡಲಿಲ್ಲ ಎಂದು ಬರೆದರು. ನಾನು ಆ ಆಫೀಸಿಗೆ ಅವಳಿಗಿಂತ ಮೊದಲು ಸೇರಿದವಳು, ಅವಳು ಬಿಟ್ಟು ಹೋದ ಮೇಲೂ ಅಲ್ಲೇ ಇದ್ದವಳು. ನಾನು ಹೋದರೆ ಇವರೇನು ಬರೆದಾರು ಎಂದು ಯೋಚಿಸಿದೆ. ಕೈಮುಗಿದ ಚಿತ್ರವೊಂದನ್ನು ಹಾಕಿ ಸುಮ್ಮನಾಗುತ್ತಾರೆ, ಅಷ್ಟೇ.

ಅವಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಗುಂಪಿನಲ್ಲಿ ಬೇಕಾದಷ್ಟು ಸಲ ಬರೆದಾಗಿದೆ.

ಎರಡು ಸಾವಿರದ ಆರೋ ಏಳೋ ಇರಬೇಕು. ವಿಜಯನಗರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಮಿಕ್ಸಿ ರಿಪೇರಿ ಅಂಗಡಿಯ ಮೇಲೆ ನಮ್ಮ ಆಫೀಸಿತ್ತು. ಪತ್ರಿಕೆಗಳು ತಮ್ಮ ಬರಹಗಳನ್ನು ಇಂಟರ್ನೆಟ್ಟಿನಲ್ಲಿ ಪ್ರಕಟಿಸಲು ಬೇಕಾದ ತಂತ್ರಾಂಶ ಮಾಡುವುದು ನಮ್ಮ ಕಸುಬು. ಲೇಖನ ತುಂಬುವುದು, ಚಿತ್ರ ಸೇರಿಸುವುದು, ಪ್ರಕಟಿಸುವುದು, ಬೇಡವೆಂದರೆ ತೆಗೆಯುವುದು, ಎಲ್ಲವೂ ಅದರಲ್ಲೇ ಆಗಬೇಕು. ಗಿರಾಕಿಗಳಿಗೆ ತೋರಿಸಲಿಕ್ಕೆಂದು ನಾವೇ ಒಂದು ಕನ್ನಡ ವೆಬ್ ಪತ್ರಿಕೆಯನ್ನೂ ನಡೆಸುತ್ತಿದ್ದೆವು. ನಾನು ಅದರ ಉಪಸಂಪಾದಕಿ. ಸಂಪಾದಕರೆಂದು ಬೇರೆ ಯಾರೂ ಇರಲಿಲ್ಲ ಅನ್ನಿ.

ನನಗೆ ಇನ್ನೊಂದು ಕೆಲಸವೂ ಇತ್ತು, ನಿಜ ಹೇಳಬೇಕೆಂದರೆ ನನ್ನ ಗತ್ತೆಲ್ಲ ಅದರಲ್ಲೇ ಇತ್ತು. ಪ್ರೋಗ್ರಾಂ ಬರೆಯುವ ಹುಡುಗರು ಏನಾದರೂ ಬದಲಾಯಿಸಿದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿರುತ್ತಿದ್ದರು. ಆಗ ನಾನು ಬೆಳಿಗ್ಗೆಯಿಂದ ಕೂತು ಒಂದೊಂದೇ ಪುಟ ತೆರೆದು, ಒಂದೊಂದೇ ಗುಂಡಿ ಒತ್ತಿ, ಎಲ್ಲ ಸರಿಯಿದೆಯೇ ಎಂದು ನೋಡಬೇಕು. ನಾನು ಹೂಂ ಎನ್ನುವ ತನಕ ಹೊಸದು ಗಿರಾಕಿಗೆ ಹೋಗುವಂತಿಲ್ಲ. "ಸುಮಾ ನೋಡಿದ್ಲಾ?" ಎಂದು ಬಾಸ್ ಕ್ಯಾಬಿನ್ನಿನಿಂದ ಕೂಗುವುದು, ಹುಡುಗರೆಲ್ಲ ನನ್ನ ಮುಖ ನೋಡುವುದು. ಆ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಎಂಥ ಸುಖವಾಗುತ್ತಿತ್ತೆಂದರೆ, ಸಂಬಳ ಕಡಿಮೆ ಎಂಬುದೇ ಮರೆತುಹೋಗುತ್ತಿತ್ತು.

ಅಲ್ಲಿಗೆ ಅವಳು ಬಂದಳು. ಬಾಗಲಕೋಟೆ ಕಡೆಯವಳು, ಎಂಜಿನಿಯರಿಂಗ್ ಓದಿದವಳು, ಕೆಂಗೇರಿ ಉಪನಗರದಲ್ಲಿ ಅಕ್ಕನ ಮನೆಯಲ್ಲಿದ್ದಳು. ನಾಯಂಡಹಳ್ಳಿಯ ಧೂಳನ್ನೆಲ್ಲ ಹೊತ್ತು ತಂದಂತೆ ಸ್ಕೂಟರಿನಿಂದ ಇಳಿಯುತ್ತಿದ್ದಳು. ಅವಳ ದನಿ ಕೆಳಗಿನ ಮಿಕ್ಸಿ ಅಂಗಡಿಯವನಿಗೂ ಕೇಳುತ್ತಿತ್ತು. ಮೊದಲ ದಿನ ಬಾಸ್ ನನ್ನನ್ನು ಕರೆದು, "ನೀನು ಹೆಂಗೆ ಚೆಕ್ ಮಾಡ್ತೀಯಾ, ಇವರಿಗೆ ಒಂದ್ಸಲ ತೋರ್ಸು" ಎಂದರು. ಅವಳು ಕುರ್ಚಿ ಎಳೆದುಕೊಂಡು, ಗಲ್ಲಕ್ಕೆ ಕೈಕೊಟ್ಟು, ಸಂಜೆಯವರೆಗೆ ನನ್ನ ಪಕ್ಕ ಕೂತಳು. ನಾನು ಉತ್ಸಾಹದಿಂದ ಎಲ್ಲ ತೋರಿಸಿದೆ.

"ದಿನಾ ಹಿಂಗ ಮಾಡ್ತೀರೇನ್ರಿ?" ಎಂದು ಕೇಳಿದಳು.

"ಬದಲಾದಾಗಲೆಲ್ಲ ಮಾಡ್ಬೇಕಲ್ವೇನ್ರೀ."

"ಬ್ಯಾಸರಾ ಆಗಂಗಿಲ್ಲೇನ್ರಿ?"

"ಕೆಲ್ಸ ಅಂದ್ಮೇಲೆ ಬೇಜಾರು ಅಂದ್ರೆ ಹೆಂಗೆ?"

ಅವಳು ತಲೆಯಾಡಿಸಿದಳು. "ಬ್ಯಾಸರಾದ ಕಣ್ಣು ಸುಳ್ಳ ಹೇಳ್ತಾವ್ರಿ. ನಿನ್ನಿ ಸರಿ ಇತ್ತು, ಇವತ್ತೂ ಸರಿ ಐತಿ ಅಂತ ತಾವ ಅಂದ್ಕೊಂಡ್ ಬಿಡ್ತಾವ."

ಅವತ್ತು ನಾನು ಮನೆಗೆ ಹೋಗಿ ಅಮ್ಮನ ಹತ್ತಿರ, ಆಫೀಸಿಗೆ ಒಬ್ಬಳು ಜಂಬದ ಕೋಳಿ ಬಂದಿದ್ದಾಳೆ ಎಂದೆ.

ಜಂಬ ಇದ್ದದ್ದೂ ನಿಜವೇ. ಹೊಗಳಿದರೆ ನಾಚಿಕೊಳ್ಳುವ ಪೈಕಿ ಅಲ್ಲ. "ನಾ ಶಾಣ್ಯಾಕಿ ಅದೀನ್ರಿ, ಅದಕ್ಕೇನ್ ಮಾಡೂದು?" ಎಂದು ಕೈ ಚೆಲ್ಲುತ್ತಿದ್ದಳು, ತನಗೆ ಸಕ್ಕರೆ ಕಾಯಿಲೆ ಇದೆ ಎನ್ನುವವರ ಹಾಗೆ. ಕೆಲವೇ ವಾರಗಳಲ್ಲಿ ಅವಳು ಏನನ್ನೋ ಕಟ್ಟಿ ನಿಲ್ಲಿಸಿ ಒಂದು ಮಧ್ಯಾಹ್ನ ಎಲ್ಲರನ್ನೂ ತನ್ನ ಮೇಜಿನ ಸುತ್ತ ಕರೆದಳು. ಕೀಬೋರ್ಡಿನಿಂದ ಕೈ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಪರದೆಯ ಮೇಲೆ ಬ್ರೌಸರ್ ತಾನೇ ತೆರೆದುಕೊಂಡಿತು. ಯಾರೂ ಮುಟ್ಟದೆ ಹೆಸರು, ಪಾಸ್‌ವರ್ಡ್ ತುಂಬಿಕೊಂಡವು. ಲೇಖನ ತಾನೇ ಟೈಪಾಯಿತು, ಚಿತ್ರ ಬಂದು ಕೂತಿತು, ಪ್ರಕಟಿಸು ಎಂಬ ಗುಂಡಿ ಒತ್ತಿಕೊಂಡಿತು, ಪುಟ ತೆರೆದು ಎಲ್ಲ ಸರಿಯಿದೆಯೇ ಎಂದು ಅದೇ ನೋಡಿಕೊಂಡಿತು, ಕೊನೆಗೆ ಆ ಲೇಖನವನ್ನು ಅಳಿಸಿ ಜಾಗ ಚೊಕ್ಕಟ ಮಾಡಿತು. ಪಕ್ಕದಲ್ಲಿ ಸಾಲಾಗಿ ಹಸಿರು ಗುರುತುಗಳು. ಹುಡುಗರು ಚಪ್ಪಾಳೆ ತಟ್ಟಿದರು. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಮಾಡುತ್ತಿದ್ದದ್ದು ನನ್ನ ಕೈಯ ಟೀ ಆರುವುದರೊಳಗೆ ಮುಗಿದಿತ್ತು.

ನಾನು ನೋಡಿದ್ದು ಹಸಿರನ್ನಲ್ಲ. ಒಳಗೆ ಹೋಗುವಾಗ ಅದು ತುಂಬಿಕೊಂಡ ಹೆಸರು ನನ್ನದಾಗಿತ್ತು.

"ಇದೇನ್ರೀ, ನನ್ನ ಲಾಗಿನ್ ಯಾಕೆ ಹಾಕಿದ್ದೀರಾ? ನನ್ನನ್ನ ಒಂದ್ಮಾತು ಕೇಳ್ಬಾರ್ದಾ?"

"ಇದು ಯಾರ್ ಕೆಲಸಾ ಕಲ್ತೈತಿ ಹೇಳ್ರಿ? ನಿಮ್ದ. ಮತ್ತ ನಿಮ್ ಹೆಸರ್ಲೇನ ಒಳಗ ಹೋಗಬೇಕಲ್ರಿ."

ಅವಳು ಅದನ್ನು ಮರ್ಯಾದೆಗೆಂದೇ ಹೇಳಿದಳು. ನನಗೆ ಮಾತ್ರ ನನ್ನ ಸೀರೆ ಉಟ್ಟುಕೊಂಡು ನನ್ನ ಮನೆಯೊಳಗೇ ಓಡಾಡಿದ ಹಾಗೆನಿಸಿತು. ಅವತ್ತಿನಿಂದ ಬಾಸ್ ಕೂಗುವುದು ಬದಲಾಯಿತು. "ಸುಮಾ ನೋಡಿದ್ಲಾ?" ಹೋಗಿ "ಟೆಸ್ಟ್ ಓಡ್ತಾ?" ಬಂತು.

ಇನ್ನು ನನಗೆ ಉಳಿದ ಸಂತೋಷ ಒಂದೇ, ಅದು ಟೆಸ್ಟ್ ಕೆಂಪಾಗುವುದು. ಎಲ್ಲೋ ಏನೋ ಕೆಟ್ಟರೆ ಹಸಿರಿನ ಜಾಗದಲ್ಲಿ ಕೆಂಪು ಬರುತ್ತಿತ್ತು. ಕೆಂಪು ಕಂಡ ಬೆಳಿಗ್ಗೆ ನನಗೆ ಒಳಗೊಳಗೇ ಹಬ್ಬ. ಅವಳ ಮುಖ ಬಾಡುತ್ತದೆಂದು ಕಾಯುತ್ತಿದ್ದೆ. ಅವಳೋ ಕೆಂಪು ನೋಡಿದ್ದೇ ಎರಡೂ ಕೈಯಿಂದ ಮೇಜಿನ ಮೇಲೆ ತಾಳ ಹಾಕಿ, ಕೂತಲ್ಲೇ ಕುಣಿದು, "ಸಿಕ್ತ್ ನೋಡ್ರಿ" ಎನ್ನುತ್ತಿದ್ದಳು. ಹುಳುಕು ಸಿಗಲೆಂದೇ ಅಲ್ಲವೇ ಅವಳು ಅದನ್ನು ಕಟ್ಟಿದ್ದು. ನನ್ನ ಆ ಒಂದು ಹಬ್ಬವನ್ನೂ ಅವಳು ಹೀಗೆ ತನ್ನದು ಮಾಡಿಕೊಂಡಳು.

ಅವಳಿಗೆ ಯಾವುದನ್ನೂ ಅಲುಗಾಡಿಸದೆ ನಂಬಲು ಬರುತ್ತಿರಲಿಲ್ಲ. ದರ್ಶಿನಿಗೆ ಹೋದರೆ ದೋಸೆ ಇಡುವ ಮುಂಚೆ ಮೇಜನ್ನು ನಾಲ್ಕೂ ಕಡೆಯಿಂದ ಒತ್ತಿ ನೋಡುತ್ತಿದ್ದಳು. ಒಮ್ಮೆ ಮಾರ್ಕೆಟ್ಟಿನಲ್ಲಿ ಛತ್ರಿ ಕೊಳ್ಳುವಾಗ ಬಿಚ್ಚುವುದು ಮಡಿಸುವುದು, ಬಿಚ್ಚುವುದು ಮಡಿಸುವುದು, ಕೊನೆಗೆ ಅಂಗಡಿಯವನು "ಕೊಳ್ಳೋಕ್ ಮುಂಚೆನೇ ಹಳೇದ್ ಮಾಡ್ಬಿಟ್ರಲ್ಲ ಮೇಡಂ" ಎಂದ. ನಮ್ಮ ಬಸವೇಶ್ವರನಗರದ ಮನೆಗೆ ಅರಿಶಿನ ಕುಂಕುಮಕ್ಕೆ ಕರೆದಿದ್ದೆ. ಬಾಗಿಲ ಚಿಲಕ ಎರಡು ಸಲ ಎಳೆದು ನೋಡಿ ಒಳಗೆ ಬಂದಳು. ಹೋಗುವಾಗ ಕುಕ್ಕರಿನ ವಿಷಲ್ ಕೇಳಿ, ಅದರ ರಬ್ಬರು ಸಡಿಲಾಗಿದೆ ನೋಡಿ ಎಂದು ಅಮ್ಮನಿಗೆ ಹೇಳಿದಳು. ಆಗಿತ್ತು ಕೂಡ. ಆಮೇಲೆ ಒಂದು ವಾರ ಅಮ್ಮನ ಬಾಯಲ್ಲಿ ಅವಳದೇ ಮಾತು.

ಇದೆಲ್ಲವನ್ನೂ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ಯಾಕೆಂದರೆ ಅವಳಿಗೆ ಬರಲಾರದ್ದು ಒಂದಿತ್ತು, ಅದು ನನ್ನ ಹತ್ತಿರ ಇತ್ತು. ನಾನು ಬರೆಯುತ್ತಿದ್ದೆ. ನಮ್ಮ ಪತ್ರಿಕೆಯಲ್ಲಿ ಆಗೊಂದು ಈಗೊಂದು ಲಘು ಪ್ರಬಂಧ ನನ್ನದು ಬರುತ್ತಿತ್ತು. ಭಾನುವಾರಕ್ಕೊಂದು ಅಂಕಣ ಶುರುಮಾಡಿದರೆ ನಿನಗೇ ಕೊಡುತ್ತೇನೆ ಎಂದು ಬಾಸ್ ಮಾತು ಕೊಟ್ಟಿದ್ದರು. ಆ ಅಂಕಣದ ಆಸೆ ನನಗೆ ಎಷ್ಟಿತ್ತೆಂದರೆ ಬಸ್ಸಿನಲ್ಲಿ ಕೂತು ಅದಕ್ಕೆ ಹೆಸರು ಹುಡುಕುತ್ತಿದ್ದೆ. ಬಂದ ಎರಡು ಸಂಬಂಧಗಳನ್ನು, ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದರೆಂದು, ಬೇಡವೆಂದಿದ್ದೆ. ಕಾರಣ ಅಮ್ಮನಿಗೆ ಹೇಳಿರಲಿಲ್ಲ.

ಅವಳ ಟೆಸ್ಟಿಗೂ ಬರಹ ಬೇಕಿತ್ತು. ಯಂತ್ರ ಪ್ರಕಟಿಸಲು ಏನಾದರೂ ಒಂದು ಲೇಖನ ತುಂಬಬೇಕಲ್ಲ. ಅವಳಿಗಿಂತ ಮುಂಚೆ ಹುಡುಗರು ಅಂಥ ಕಡೆ ಬೆರಳಿಗೆ ಸಿಕ್ಕ ಅಕ್ಷರ ಒತ್ತುತ್ತಿದ್ದರು, ಸಾಲುಸಾಲು ಕಕಕಕ, ಇಲ್ಲವೇ ಟೆಸ್ಟ್ ಟೆಸ್ಟ್. ಅವಳು ಅದನ್ನೆಲ್ಲ ಅಳಿಸಿಹಾಕಿ ತಾನೇ ಕೂತು ಬರೆದಳು. ಇದಕ್ಕೆಲ್ಲ ಯಾಕಿಷ್ಟು ಕಷ್ಟ ಎಂದರೆ, "ಇವತ್ತಲ್ಲ ನಾಳೆ ಯಾರಾರ ಓದ್ತಾರ್ರಿ. ಓದಿದವ್ರಿಗೆ ಏನಾರ ಸಿಗಬೇಕಿಲ್ಲೋ?" ಎಂದಳು. ನಾನು ನಕ್ಕೆ. ಯಾರೂ ಕಾಣದ ಕಡೆ ಬರೆದು, ಪ್ರಕಟಿಸಿದ ಕೂಡಲೇ ಅಳಿಸುವ ಬರಹವನ್ನು ಯಾರು ಓದುತ್ತಾರೆ?

ಯಾರೂ ಕಾಣದ ಕಡೆ ಎಂದೆ. ನಮ್ಮಲ್ಲಿ ಪತ್ರಿಕೆಯ ಎರಡು ಪ್ರತಿ ಇರುತ್ತಿತ್ತು. ಒಂದು ಓದುಗರು ನೋಡುವ ನಿಜವಾದದ್ದು. ಇನ್ನೊಂದು ಅದರ ತದ್ರೂಪು, ನಮ್ಮ ಪ್ರಯೋಗಕ್ಕೆಂದು ಇಟ್ಟದ್ದು. ಅವಳ ಟೆಸ್ಟ್ ದಿನಾ ಬೆಳಿಗ್ಗೆ ನಾವು ಬರುವ ಮುಂಚೆಯೇ ಆ ಎರಡನೆಯದರ ಮೇಲೆ ಓಡಿ ಮುಗಿದಿರುತ್ತಿತ್ತು. ಒಂದು ಭಾನುವಾರ, ಸರ್ವರ್ ನೋಡಿಕೊಳ್ಳುತ್ತಿದ್ದ ಮಂಜು ಹಳೆಯ ಯಂತ್ರದಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುವಾಗ ಪ್ರಯೋಗದ ವಿಳಾಸದ ಜಾಗದಲ್ಲಿ ನಿಜವಾದದ್ದರ ವಿಳಾಸ ಹಾಕಿಬಿಟ್ಟ. ಸೋಮವಾರ ಬೆಳಿಗ್ಗೆ ಟೆಸ್ಟ್ ನೇರವಾಗಿ ಓದುಗರ ಪತ್ರಿಕೆಗೇ ಹೋಗಿ ಮುಖಪುಟದಲ್ಲಿ ಲೇಖನ ಪ್ರಕಟಿಸಿತು. ಆಗಲೂ ಕೊನೆಗೆ ಅದೇ ಅಳಿಸುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಪ್ರಕಟಿಸುವುದಕ್ಕೂ ಅಳಿಸುವುದಕ್ಕೂ ನಡುವೆ ವಿಜಯನಗರದಲ್ಲಿ ಕರೆಂಟು ಹೋಯಿತು. ಟೆಸ್ಟ್ ಓಡಿಸುತ್ತಿದ್ದ ಆಫೀಸಿನ ಯಂತ್ರ ನಿಂತಿತು, ಬೇರೆ ಕಡೆಯ ಸರ್ವರಿನಲ್ಲಿದ್ದ ಪತ್ರಿಕೆಯಲ್ಲಿ ಲೇಖನ ಹಾಗೇ ಉಳಿಯಿತು.

ಆಫೀಸಿಗೆ ಬಂದು ಬ್ಯಾಗು ಇಡುವಷ್ಟರಲ್ಲಿ ಅಮ್ಮ ಫೋನ್ ಮಾಡಿದಳು. ಅಣ್ಣನ ಕಂಪ್ಯೂಟರಿನಲ್ಲಿ ನಮ್ಮ ಪತ್ರಿಕೆ ತೆರೆದು ಓದುವುದನ್ನು ಅವಳು ಕಲಿತಿದ್ದಳು.

"ಇವತ್ತಿಂದು ತುಂಬಾ ಚೆನ್ನಾಗಿದೆ ಕಣೇ. ನೀನು ಯಾವತ್ತೂ ಹಿಂಗ್ ಬರ್ದಿರ್ಲಿಲ್ಲ."

"ಯಾವ್ದಮ್ಮ?"

"ಅದೇ, ಮುರಿದ ಕುರ್ಚಿದು. ನಿನ್ ಹೆಸ್ರಿದೆಯಲ್ಲ."

ನಾನು ಯಾವ ಕುರ್ಚಿಯ ಬಗ್ಗೆಯೂ ಬರೆದಿರಲಿಲ್ಲ. ಕರೆಂಟು ಬಂದ ಮೇಲೆ ತೆರೆದು ನೋಡಿದೆ. ಟೆಸ್ಟ್ ನನ್ನ ಲಾಗಿನ್ನಿನಿಂದ ಹೋದದ್ದಕ್ಕೆ ಲೇಖಕಿಯೆಂದು ನನ್ನ ಹೆಸರೇ ಬಿದ್ದಿತ್ತು, ಅದರ ಕೆಳಗೆ ಇದಿತ್ತು:

"ನಮ್ಮ ಬೀದಿಯ ಖಾಲಿ ಜಾಗದಲ್ಲಿ ಯಾರೋ ಒಂದು ಕುರ್ಚಿ ಬಿಟ್ಟು ಹೋಗಿದ್ದಾರೆ. ಮೂರೇ ಕಾಲು. ಬೆಳಿಗ್ಗೆ ಹಾಲು ತರಲು ಹೋಗುವ ಅಜ್ಜ ಅದನ್ನು ಗೋಡೆಗೆ ಒರಗಿಸಿಕೊಂಡು ಸ್ವಲ್ಪ ಹೊತ್ತು ಕೂರುತ್ತಾನೆ. ಸಂಜೆ ಹುಡುಗಿಯರು ಅದನ್ನೇ ವಿಕೆಟ್ ಮಾಡಿಕೊಳ್ಳುತ್ತಾರೆ. ಮಧ್ಯಾಹ್ನ ಒಂದು ನಾಯಿ ಅದರ ನೆರಳಿನಲ್ಲಿ ಮಲಗುತ್ತದೆ, ನೆರಳು ಸರಿದಂತೆ ತಾನೂ ಸರಿಯುತ್ತದೆ. ಜಾಗದ ಯಜಮಾನ ಬಂದು ಮನೆ ಕಟ್ಟಿದರೆ ಇವರೆಲ್ಲ ಎಲ್ಲಿಗೆ ಹೋಗಬೇಕು ಎಂದು ನನಗೆ ಈಗಲೇ ಚಿಂತೆ."

ಇಷ್ಟೇ. ಕೆಳಗೆ ಓದುಗರ ಮಾತುಗಳು ಆಗಲೇ ಸಾಲುಗಟ್ಟಿದ್ದವು. ಯಜಮಾನ ಬಂದನೇ ಎಂದು ಮೈಸೂರಿನವರೊಬ್ಬರು ಕೇಳಿದ್ದರು. ಆ ನಾಯಿ ನಮ್ಮ ಬೀದಿಯಲ್ಲೂ ಇದೆ ಎಂದು ಇನ್ನೊಬ್ಬರು. ಒಬ್ಬರಂತೂ, "ಸುಮಾ ಅವರೇ, ಇಷ್ಟು ದಿನ ಎಲ್ಲಿದ್ದಿರಿ?" ಎಂದು ಬರೆದಿದ್ದರು. ನಾನು ಅಲ್ಲೇ ಇದ್ದೆ. ಅದೇ ಪುಟದಲ್ಲಿ, ಅದೇ ಹೆಸರಿನಲ್ಲಿ, ಎರಡು ವರ್ಷದಿಂದ ಇದ್ದೆ.

ಅವಳು ಹೆಲ್ಮೆಟ್ ತೆಗೆಯುತ್ತ ಒಳಗೆ ಬಂದಳು. ವಿಷಯ ಕೇಳಿದ್ದೇ ಬಿಳಿಚಿಕೊಂಡು ಮಂಜುವಿನ ಮೇಜಿಗೆ ಓಡಿದಳು. ಮಧ್ಯಾಹ್ನದವರೆಗೂ ಇಬ್ಬರೂ ಕೂತು, ಟೆಸ್ಟ್ ಓಡುವ ಮುಂಚೆ ತಾನಿರುವುದು ಪ್ರಯೋಗದ ಪ್ರತಿಯೇ ಎಂದು ಖಾತ್ರಿ ಮಾಡಿಕೊಳ್ಳುವ ಹಾಗೆ ಮಾಡಿದರು. ಓದುಗರು ಬರೆದದ್ದನ್ನು ಓದಿದಿರಾ ಎಂದು ಕೇಳಿದೆ. "ಆಮ್ಯಾಲ್ ಓದ್ತೀನ್ರಿ" ಎಂದಳು. ಆಮೇಲೂ ಓದಲಿಲ್ಲ. ಅಂಥ ಒಂದು ಮಾತಿಗಾಗಿ ನಾನು ಎರಡು ವರ್ಷ ಕಾದಿದ್ದೆ, ಅವಳಿಗೆ ಪುರುಸೊತ್ತಿರಲಿಲ್ಲ. ಈ ಬರಹ ನನ್ನದಲ್ಲ ಎಂದು ಕೆಳಗೆ ನಾನೇ ಟೈಪು ಮಾಡಬೇಕಾಯಿತು. ಟೈಪು ಮಾಡುವಾಗ ಬೆರಳು ಉರಿಯುತ್ತಿತ್ತು.

ಮಾರನೆಯ ದಿನ ಬಾಸ್ ಇಬ್ಬರನ್ನೂ ಕ್ಯಾಬಿನ್ನಿಗೆ ಕರೆದರು. ಭಾನುವಾರದ ಅಂಕಣ ಶುರುಮಾಡೋಣ ಎಂದರು. ಅವರು ಅವಳ ಕಡೆ ತಿರುಗಿ, "ನೀವ್ ಬರೀರಿ ಅಂತ ನಾನು. ಸುಮಾ, ನೀನೇನಂತೀಯಾ?" ಎಂದರು.

ನಾನು "ಬರೀಲಿ ಸಾರ್" ಎಂದೆ. ಬೇರೆ ಏನು ಹೇಳಲಿ?

ಅವಳು ಯೋಚಿಸಲೂ ಇಲ್ಲ. "ನಾ ಬರ್ದಿದ್ದು ಮಷೀನಿಗೆ ಸರ್. ಮಂದಿ ಓದ್ತಾರ ಅಂತ ಕುಂತ್ರ ನಂಗ ಕೈ ಓಡಂಗಿಲ್ಲ. ಸುಮಾ ಅವ್ರಿಗೆ ಕೊಡ್ರಿ. ಅವ್ರು ಅದಕ್ಕಂತ ಕಾಯಾಕತ್ತಾರ."

ನನ್ನ ಆಸೆ ಅವಳಿಗೆ ಗೊತ್ತಿತ್ತು. ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವಳು ಮೇಜಿನ ಮೇಲೆ ಇಟ್ಟು ನನ್ನ ಕಡೆ ಸರಿಸಿದಳು. ಅಂಕಣ ನನಗೆ ಸಿಕ್ಕಿತು. ಅವಳು ಬೇಕೆಂದು ಜಗಳವಾಡಿ ಸೋತಿದ್ದರೆ ನಾನು ಅದನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದೆ. ಬಿಟ್ಟುಕೊಟ್ಟದ್ದನ್ನು ಎತ್ತಿಕೊಂಡ ಹಾಗಾಯಿತು, ಅದರ ಕಹಿ ಇವತ್ತಿಗೂ ಹೋಗಿಲ್ಲ.

ಪ್ರತಿ ವಾರ ಬರೆದೆ. ಪ್ರತಿ ವಾರ ಅವಳು ಓದಿದಳು, ಏನೂ ಹೇಳಲಿಲ್ಲ. ಕೊನೆಗೆ ನಾನೇ ತಡೆಯಲಾರದೆ ಕೇಳಿದೆ. "ಎಲ್ಲಾ ಸರಿ ಐತ್ರಿ" ಎಂದಳು. ಆಮೇಲೆ, "ಎಲ್ಲಾ ಹಸಿರ. ಎಲ್ಲಾ ಹಸಿರ ಬಂತಂದ್ರ ನಂಗ ಸಂಶೆ ಬರತೈತಿ" ಎಂದಳು. ನಾನು ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಅವಳಿಗೆ ಅದು ಗೊತ್ತಾದ ಹಾಗೇ ಕಾಣಲಿಲ್ಲ.

ಆ ಸಿಟ್ಟಿನಲ್ಲೇ ಒಂದು ಬರೆದೆ. ರಾಜಾಜಿನಗರದ ಕಾರ್ಖಾನೆ ಮುಚ್ಚಿದ ಮೇಲೂ ನಮ್ಮಪ್ಪ ಎಷ್ಟೋ ತಿಂಗಳು ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದರು. ಪಾರ್ಕಿನಲ್ಲಿ ಕೂತು ಉಂಡು, ಸಂಜೆ ಕೆಲಸದಿಂದ ಬಂದವರ ಹಾಗೆ ಬಂದು ಕಾಲು ತೊಳೆಯುತ್ತಿದ್ದರು. ಅಮ್ಮನಿಗೆ ಗೊತ್ತಿತ್ತು, ಆದರೂ ಡಬ್ಬಿಗೆ ಪಲ್ಯ ಸ್ವಲ್ಪ ಜಾಸ್ತಿ ಹಾಕುತ್ತಿದ್ದಳು. ಮನೆಯಲ್ಲಿ ಯಾರೂ ಆಡದ ಮಾತನ್ನು ಹೀಗೆ ಬರೆದುಬಿಟ್ಟೆನಲ್ಲ ಎಂದು ಭಯವಾಗಿತ್ತು. ಅವಳು ಅದನ್ನು ಓದಿದಳು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟು, ಕೆಂಪು ಸಿಕ್ಕಾಗ ಹಾಕುತ್ತಿದ್ದ ತಾಳವನ್ನು ಹಾಕಿದಳು, ತುಂಬ ಮೆಲ್ಲಗೆ. ಜೀವನದಲ್ಲಿ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು. ಅದನ್ನು ಕೊಟ್ಟವಳು ಅವಳಾದಳಲ್ಲ ಎಂಬುದೇ ನನ್ನ ಸಂಕಟ.

ಮುಂದೆ ಅವಳು ದೊಡ್ಡ ಕಂಪನಿಗೆ ಹೋದಳು. ಬೀಳ್ಕೊಡುವ ದಿನ ಆಫೀಸಿನ ಹೊಸ ಕುರ್ಚಿಯನ್ನು ಅಲುಗಾಡಿಸಿ ನೋಡಿ, "ಇದು ಬಾಳಿಕಿ ಬರೂದಿಲ್ರಿ" ಎಂದಳು. ನಾನು ಹಾಯಾಗಿ ಉಸಿರುಬಿಟ್ಟೆ. ಹೊಸ ವರ್ಷಕ್ಕೊಂದು ಮೆಸೇಜು, ಆಮೇಲೆ ಅದೂ ಇಲ್ಲ. ಕಾಯಿಲೆಯ ವಿಷಯ ನನಗೆ ತಿಳಿದಿರಲಿಲ್ಲ.

ಗುಂಪಿನಲ್ಲಿ ಎಲ್ಲರೂ ಬರೆದು ಮುಗಿಸಿದ ಮೇಲೆ ನಾನು ಮಂಜುವಿಗೆ ಫೋನ್ ಮಾಡಿದೆ. ಪತ್ರಿಕೆ ಮುಚ್ಚಿ ಬಹಳ ಕಾಲವಾಗಿತ್ತು, ಆದರೆ ಆ ತಂತ್ರಾಂಶ ಬಳಸುವ ಒಂದಿಬ್ಬರು ಗಿರಾಕಿಗಳು ಇನ್ನೂ ಇದ್ದರು. ಮಂಜು ನಾಯಂಡಹಳ್ಳಿಯಲ್ಲಿ ಒಂದು ರೂಮು ಮಾಡಿಕೊಂಡು ಅದನ್ನು ನೋಡಿಕೊಳ್ಳುತ್ತಿದ್ದ. ನನ್ನ ಅಂಕಣಗಳೆಲ್ಲ ಬೇಕು, ಎಲ್ಲ ಇಲ್ಲದಿದ್ದರೂ ಅಪ್ಪನ ಡಬ್ಬಿಯದೊಂದು ಸಿಕ್ಕರೆ ಸಾಕು ಎಂದೆ. ನನ್ನ ಹತ್ತಿರ ಅದರ ಪ್ರತಿ ಇರಲಿಲ್ಲ. ಇಂಟರ್ನೆಟ್ಟಿನಲ್ಲಿ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಭರವಸೆಯಲ್ಲಿದ್ದೆ.

"ಅದೆಲ್ಲ ಹೋಯ್ತು ಮೇಡಂ. ಪತ್ರಿಕೆ ಮುಚ್ದಾಗ ಯಾರೂ ಉಳಿಸ್ಕೊಳ್ಳಿಲ್ಲ" ಎಂದ ಮಂಜು. ಆಮೇಲೆ ಅವನೇ ಹೇಳಿದ. "ಅವ್ರ ಟೆಸ್ಟ್ ಮಾತ್ರ ಇನ್ನೂ ಓಡ್ತಿದೆ. ದಿನಾ ಬೆಳಿಗ್ಗೆ. ತೆಗೆಯೋಕೆ ಧೈರ್ಯ ಬರಲ್ಲ, ಏನಾದ್ರೂ ಕೆಟ್ರೆ ಅದೇ ಹೇಳೋದು. ಬಂದು ನೋಡ್ತೀರಾ?"

ಮೆಟ್ರೋದಲ್ಲಿ ಹೋದೆ. ಗೋಡೌನಿನ ಮೇಲಿನ ರೂಮು. ಮಂಜುವಿನ ತಲೆ ಅರ್ಧ ಬೆಳ್ಳಗಾಗಿದೆ. ಅವನು ಒಂದು ಗುಂಡಿ ಒತ್ತಿ ಕೈ ಕಟ್ಟಿಕೊಂಡು ನಿಂತ. ಪರದೆಯ ಮೇಲೆ ಬ್ರೌಸರ್ ತಾನೇ ತೆರೆದುಕೊಂಡಿತು. ಯಾರೂ ಮುಟ್ಟದೆ ನನ್ನ ಹೆಸರು ಒಂದೊಂದೇ ಅಕ್ಷರವಾಗಿ ಮೂಡಿತು. ಆಮೇಲೆ ಕುರ್ಚಿ ಬಂತು, ಅಜ್ಜ ಬಂದ, ಹುಡುಗಿಯರು ಬಂದರು, ನಾಯಿ ಬಂತು. ಪ್ರಕಟವಾಯಿತು. ಎಲ್ಲ ಹಸಿರು. ಮರುಗಳಿಗೆಗೆ ಅಳಿಸಿಹೋಯಿತು.

ನಾನು ಬರೆದದ್ದು ಎಲ್ಲೂ ಉಳಿದಿಲ್ಲ. ನಾನು ಬರೆಯದೆ ಇದ್ದದ್ದು ನನ್ನ ಹೆಸರಿನಲ್ಲಿ ಇಷ್ಟು ವರ್ಷ ದಿನಾ ಪ್ರಕಟವಾಗುತ್ತ ಬಂದಿದೆ. ಅಳಬೇಕೋ ಸಿಟ್ಟಾಗಬೇಕೋ ತಿಳಿಯದೆ ಇನ್ನೊಂದು ಸಲ ಓಡಿಸು ಎಂದೆ. ಓಡಿಸಿದ.

"ಒಂದ್ ಮಾತು ಮೇಡಂ" ಎಂದ ಮಂಜು ಮೆಲ್ಲಗೆ. "ಅಲ್ಲಿ ಅವ್ರ ಹೆಸ್ರು ಹಾಕ್ಲಾ? ಪಾಪ, ಬರ್ದಿದ್ದು ಅವ್ರಲ್ವಾ. ನೆನಪಿಗಿರುತ್ತೆ."

ಅವನು ಹೇಳಿದ್ದು ನ್ಯಾಯವಾಗಿಯೇ ಇತ್ತು. ಅವನ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು.

"ಬೇಡ ಮಂಜು" ಎಂದೆ. "ಬದಲಾಯಿಸ್ಬೇಡ. ಆ ಲಾಗಿನ್ ನಂದು."